ಅಳತೆ ಕೊಟ್ಟು ಹೊಲಿಸಿದ ಪರದೆ ನೆಲಕ್ಕಿಂತ ಏಳೂವರೆ ಇಂಚು ಮೇಲೆ ನಿಂತಿದೆ: ತಪ್ಪಿದ್ದೆಲ್ಲಿ?

ಪ್ರಶ್ನೆ:
ಮೈಸೂರಿನ ನಮ್ಮ ಹೊಸ ಮನೆಯ ಹಾಲ್‌ನಲ್ಲಿ 72 ಇಂಚು ಅಗಲ, 48 ಇಂಚು ಎತ್ತರದ ಯುಪಿವಿಸಿ ಸ್ಲೈಡಿಂಗ್ ಕಿಟಕಿ ಇದೆ. ಅದರ ಮೇಲಂಚು ನೆಲದಿಂದ 84 ಇಂಚಿನಲ್ಲಿದೆ. ಅಲ್ಲಿಂದ 3 ಇಂಚು ಮೇಲೆ ರಾಡ್ ಹಾಕಿಸುವುದೆಂದು ಲೆಕ್ಕ ಹಾಕಿ, ಐಲೆಟ್ ಪರದೆಗೆ (ಮೇಲಂಚಿನಲ್ಲಿ ಬಳೆ ಕೂರಿಸಿದ ರಂಧ್ರಗಳಲ್ಲಿ ರಾಡ್ ತೂರಿಸುವ ಪರದೆ) 87 ಇಂಚು ಉದ್ದ, 72 ಇಂಚು ಅಗಲ ಎಂದು ಚೀಟಿ ಬರೆದು ದರ್ಜಿಗೆ ಕೊಟ್ಟಿದ್ದೆ. ಈಗ ಪರದೆ ತೂಗುಹಾಕಿದರೆ ಕೆಳಗೆ ಏಳೂವರೆ ಇಂಚು ಗೋಡೆ ಕಾಣುತ್ತದೆ. ಎರಡೂ ಭಾಗಗಳನ್ನು ಎಳೆದು ಮುಚ್ಚಿದರೆ ನೆರಿಗೆಯೇ ಉಳಿಯದೆ ಬೆಡ್‌ಶೀಟ್ ಕಟ್ಟಿದಂತಾಗುತ್ತದೆ. ದುಬಾರಿ ಹತ್ತಿ ಬಟ್ಟೆ, ಹಾಳುಮಾಡಲು ಮನಸ್ಸಿಲ್ಲ. ದರ್ಜಿಯವರೊಡನೆ ಮಾತನಾಡುವ ಮೊದಲು ತಪ್ಪು ಯಾರದೆಂದು ತಿಳಿದುಕೊಳ್ಳಬೇಕಾಗಿದೆ.

ಮೊದಲ ಉತ್ತರ:
ಮೇಡಂ, ದಯವಿಟ್ಟು ಸ್ಟೀಲ್ ಟೇಪಿನಿಂದ ಅಳೆದು ನಾಲ್ಕು ಸಂಗತಿ ತಿಳಿಸಿ. ಬಟ್ಟೆಯ ಟೇಪು ಬಳಸಬೇಡಿ, ಹಳೆಯದಾದರೆ ಅದು ಹಿಗ್ಗಿರುತ್ತದೆ. ರಾಡಿನ ಮೇಲಂಚು ಈಗ ನೆಲದಿಂದ ಎಷ್ಟು ಎತ್ತರದಲ್ಲಿದೆ? ಐಲೆಟ್ ರಂಧ್ರದ ಮೇಲಂಚಿನಿಂದ ಬಟ್ಟೆಯ ತುದಿಯವರೆಗೆ ಎಷ್ಟಿದೆ? ಕೆಳಗಿನ ಮಡಿಕೆ ಎಷ್ಟು? ಪರದೆಯ ಒಂದೊಂದು ಭಾಗದ ಅಗಲವೆಷ್ಟು?

ಪ್ರಶ್ನೆ ಕೇಳಿದವರು:
ರಾಡ್ 93 ಇಂಚಿನಲ್ಲಿದೆ! 87ರಲ್ಲಿ ಡ್ರಿಲ್ ಒಳಗೆ ಇಳಿಯಲಿಲ್ಲವೆಂದು ಬಡಗಿ ಮೇಲಕ್ಕೆ ಹೋದರಂತೆ. ಆಗ ನಾನು ಮನೆಯಲ್ಲಿರಲಿಲ್ಲ. ರಂಧ್ರದ ಮೇಲೆ ಒಂದೂವರೆ ಇಂಚು ಬಟ್ಟೆ ಇದೆ. ಕೆಳಗಿನ ಮಡಿಕೆ 4 ಇಂಚು. ಎರಡು ಭಾಗಗಳಿದ್ದು, ಒಂದೊಂದೂ 45 ಇಂಚು ಅಗಲವಿದೆ. ರಾಡಿನ ಉದ್ದ 84 ಇಂಚು.

ಮೊದಲ ಉತ್ತರಿಸಿದವರು:
ಹಾಗಾದರೆ ಲೆಕ್ಕ ಸರಿಹೋಯಿತು. ಐಲೆಟ್ ಪರದೆಯ ತುದಿ ರಾಡಿಗಿಂತ ಒಂದೂವರೆ ಇಂಚು ಮೇಲೆ ನಿಲ್ಲುವುದರಿಂದ 93ಕ್ಕೆ ಅದನ್ನು ಕೂಡಿಸಿ, 87 ಕಳೆದರೆ ಉಳಿಯುವುದು ನಿಮಗೆ ಕಾಣುತ್ತಿರುವ ಏಳೂವರೆ ಇಂಚೇ. ದರ್ಜಿ ಬರೆದುಕೊಟ್ಟಷ್ಟೇ ಹೊಲಿದಿದ್ದಾರೆ. ಗೋಡೆಗೆ ರಾಡ್ ಕೂರುವ ಮೊದಲೇ ಅಳತೆ ಕೊಟ್ಟದ್ದರಿಂದ ಹೀಗಾಗಿದೆ. ಪರದೆಯ ಉದ್ದವನ್ನು ಕಿಟಕಿಯಿಂದಲ್ಲ, ಗಟ್ಟಿಯಾಗಿ ಕೂರಿಸಿದ ರಾಡಿನಿಂದಲೇ ಅಳೆಯಬೇಕು.

4 ಇಂಚಿನ ಮಡಿಕೆಯಿಂದ ಏಳೂವರೆ ಇಂಚು ಸಿಗದು, ಆದ್ದರಿಂದ ರಾಡನ್ನೇ 87 ಇಂಚಿಗೆ ಇಳಿಸಬೇಕು. ಡ್ರಿಲ್ ಇಳಿಯದ ಜಾಗದಲ್ಲಿರುವುದು ಕಾಂಕ್ರೀಟ್ ಲಿಂಟಲ್, ಎಂದರೆ ಕಿಟಕಿಯ ಮೇಲಿನ ಗೋಡೆಯ ಭಾರ ಹೊರುವ ತೊಲೆ. ಸಾಮಾನ್ಯ ಡ್ರಿಲ್ ಅಲ್ಲಿ ಗಾರೆಯನ್ನು ದಾಟಿದೊಡನೆ ಬರಿದೇ ತಿರುಗುತ್ತದೆ. ಹ್ಯಾಮರ್ ಡ್ರಿಲ್, ಕಾಂಕ್ರೀಟಿಗೆಂದೇ ಇರುವ 8 ಮಿ.ಮೀ. ಬಿಟ್, ಅದೇ ಅಳತೆಯ ಪ್ಲಾಸ್ಟಿಕ್ ಪ್ಲಗ್ ಇದ್ದರೆ ಕೆಲಸವಾಗುತ್ತದೆ. ಒಳಗೆ ಕಬ್ಬಿಣ ಸಿಕ್ಕರೆ ಒತ್ತಿ ಕೊರೆಯಿಸಬೇಡಿ, ಅರ್ಧ ಇಂಚು ಪಕ್ಕಕ್ಕೆ ಸರಿಯಲು ಹೇಳಿ. 84 ಇಂಚಿನ ರಾಡಿಗೆ ನಡುವೆ ಮೂರನೆಯ ಬ್ರಾಕೆಟ್ ಹಾಕಿಸಿ, ಇಲ್ಲವಾದರೆ ಬಟ್ಟೆಯ ಭಾರಕ್ಕೆ ಅದು ಬಾಗುತ್ತದೆ. ಪರದೆ ಎರಡು ಭಾಗವಾಗಿ ಇಬ್ಬದಿಗೆ ಸರಿಯುವುದರಿಂದ ನಡುವಿನ ಬ್ರಾಕೆಟ್ ಅಡ್ಡಬರುವುದಿಲ್ಲ. ಕಿಟಕಿಯ ಕೆಳಗಿನ ಗ್ರಾನೈಟ್ ಪಟ್ಟಿ ಗೋಡೆಯಿಂದ ಎಷ್ಟು ಹೊರಚಾಚಿದೆಯೆಂದು ನೋಡಿ, ಬಟ್ಟೆ ಅದಕ್ಕೆ ಉಜ್ಜದಷ್ಟು ಮುಂದೆ ಬರುವ ಬ್ರಾಕೆಟ್ ಆರಿಸಿ.

ರಾಡ್ 87ಕ್ಕೆ ಇಳಿದ ಮೇಲೆ ಎಡ, ನಡು, ಬಲ ಮೂರೂ ಕಡೆ ನೆಲದವರೆಗೆ ಅಳೆದು ಕಡಿಮೆ ಬಂದುದನ್ನೇ ಹಿಡಿಯಿರಿ. ಅದಕ್ಕೆ ಒಂದೂವರೆ ಇಂಚು ಕೂಡಿಸಿ, ನೆಲ ಒರೆಸುವಾಗ ಒದ್ದೆಯಾಗದಂತೆ ಅರ್ಧ ಇಂಚು ಕಳೆಯಿರಿ. ಹತ್ತಿ ಬಟ್ಟೆ ಒಗೆದರೆ ಕುಗ್ಗುವುದರಿಂದ, ಮಡಿಕೆ ಬಿಚ್ಚುವ ಮೊದಲು ಒಮ್ಮೆ ಒಗೆದು ಒಣಗಿಸಿ ಇಸ್ತ್ರಿ ಮಾಡಿಯೇ ಪರದೆಯನ್ನು ಅಳೆಯಿರಿ. 4 ಇಂಚಿನ ಮಡಿಕೆ ಬಿಟ್ಟಿರುವುದು ಒಳ್ಳೆಯ ದರ್ಜಿಯ ಲಕ್ಷಣ, ಈಗ ನಿಮ್ಮನ್ನು ಕಾಯುವುದೂ ಅದೇ.

ಇನ್ನೊಬ್ಬರ ಉತ್ತರ:
ಅಗಲದ ವಿಷಯವನ್ನು ನಾನು ಸೇರಿಸುತ್ತೇನೆ. ಐಲೆಟ್ ಪರದೆಗೆ ನೆರಿಗೆ ಬೀಳಬೇಕಾದರೆ ರಾಡಿನ ಉದ್ದದ ಸುಮಾರು ಎರಡು ಪಟ್ಟು ಬಟ್ಟೆ ಬೇಕು. ನಿಮ್ಮ ರಾಡಿಗೆ 168 ಇಂಚು ಬೇಕಿದ್ದಲ್ಲಿ ಇರುವುದು 90 ಮಾತ್ರ. ಚೀಟಿಯಲ್ಲಿ ಬರೀ ‘72 ಅಗಲ’ ಎಂದಿದ್ದುದರಿಂದ ದರ್ಜಿ 48 ಇಂಚು ಪನ್ನದ (ಥಾನಿನ ಅಗಲದ) ಬಟ್ಟೆಯಲ್ಲಿ ಬದಿಗಳನ್ನು ಮಡಿಸಿ ಎರಡು ಭಾಗ ಮಾಡಿದ್ದಾರೆ. ಅದು ಕಿಟಕಿಯ ಅಗಲವೋ ಪರದೆಯದೋ ಎಂದು ಅವರೂ ಕೇಳಬಹುದಿತ್ತು. ಇನ್ನೆರಡು ಭಾಗ ಹೊಲಿಸಿ. ಮಡಿಕೆ, ಕುಗ್ಗುವಿಕೆ ಎಲ್ಲ ಸೇರಿ ಐದೂವರೆ ಮೀಟರ್ ಸಾಕು, ಆದರೆ ಬಣ್ಣದಲ್ಲಿ ವ್ಯತ್ಯಾಸ ಬಾರದಂತೆ ಅದೇ ಥಾನಿನದನ್ನೇ ಕೇಳಿ. ಹೊಸ ಬಟ್ಟೆಯನ್ನೂ ಹೊಲಿಗೆಗೆ ಮುಂಚೆ ನೆನೆಸಿ ಒಣಗಿಸಿ. ಪ್ರತಿ ಭಾಗಕ್ಕೂ ಐಲೆಟ್ ಸಮಸಂಖ್ಯೆಯಲ್ಲಿರಲಿ. ಬೆಸವಾದರೆ ಒಂದು ತುದಿ ಗೋಡೆಗೆ, ಇನ್ನೊಂದು ಕೋಣೆಗೆ ಮುಖ ಮಾಡಿ ನಿಲ್ಲುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಮನಸಾರೆ ಧನ್ಯವಾದಗಳು. ನಿನ್ನೆ ನಾನೇ ಎದುರಿಗೆ ನಿಂತು ಹ್ಯಾಮರ್ ಡ್ರಿಲ್ಲಿನಿಂದ ರಾಡ್ ಇಳಿಸಿಸಿದೆ. ಅಳೆದಾಗ ಎರಡು ತುದಿಗಳಲ್ಲಿ 87, ನಡುವೆ 86¾ ಇಂಚು ಬಂದಿತು, ಎಂದರೆ ಪರದೆಯ ಉದ್ದ 87¾ ಇರಬೇಕು. ಒಗೆದ ಮೇಲೆ ಪರದೆ 86ಕ್ಕೆ ಕುಗ್ಗಿದ್ದರಿಂದ ದರ್ಜಿ ಮಡಿಕೆಯಲ್ಲಿ ಒಂದೂಮುಕ್ಕಾಲು ಇಂಚು ಬಿಟ್ಟುಕೊಟ್ಟರು. ಈಗ ನೆಲದಿಂದ ಅರ್ಧ ಇಂಚಿನಲ್ಲಿ ನಿಂತಿದೆ. ಅದೇ ಥಾನಿನಲ್ಲಿ ಆರು ಮೀಟರ್ ಉಳಿದಿತ್ತು, ಪೂರ್ತಿ ತಂದು ನೆನೆಹಾಕಿದ್ದೇನೆ.