ಪಿಯುಸಿ ಓದುತ್ತ ಬರೆದ ಕಾದಂಬರಿ: ಹಣ ಕೊಟ್ಟು ಈಗಲೇ ಪ್ರಕಟಿಸಬೇಕೇ?

ಪ್ರಶ್ನೆ: ಕಡ್ಡಿಮೆಣಸಿನಕಾಯಿ

ಎಲ್ಲರಿಗೂ ನಮಸ್ಕಾರ. ನನಗೆ ಹದಿನೇಳು ವರ್ಷ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಸಮೀಪದ ಊರಿನವಳು. ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿ ಓದುತ್ತಿದ್ದೇನೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಆರಂಭಿಸಿದ ಕಾದಂಬರಿಯೊಂದು ಈಗ ಕೊನೆಯ ಅಧ್ಯಾಯದವರೆಗೆ ಬಂದು ನಿಂತಿದೆ. ಮೆಣಸಿನಕಾಯಿ ಮಾರುಕಟ್ಟೆಯ ಸುತ್ತಲಿನ ಅಂಗಳಗಳಲ್ಲಿ ಕುಳಿತು ದಿನವಿಡೀ ತೊಟ್ಟು ಬಿಡಿಸುವ ಹೆಂಗಸರ ನಡುವೆ ಬೆಳೆಯುವ ಒಬ್ಬ ಹುಡುಗಿಯ ಕಥೆಯದು. ನಮ್ಮ ಅಜ್ಜಿಯೂ ಆ ಕೆಲಸ ಮಾಡಿದವರು. ಆದ್ದರಿಂದ ಆ ಘಾಟು, ಕೆಮ್ಮು, ಕಿಲೋ ಲೆಕ್ಕದ ಕೂಲಿ ಇವು ಯಾವುವನ್ನೂ ನಾನು ಕೇಳಿ ತಿಳಿದುಕೊಳ್ಳಬೇಕಾಗಿರಲಿಲ್ಲ.

ಈಗ ಎರಡು ಸಂಗತಿಗಳು ನನ್ನನ್ನು ಕಾಡುತ್ತಿವೆ. ಮೊದಲನೆಯದು ಹಣದ್ದು. ಫೇಸ್‌ಬುಕ್ಕಿನಲ್ಲಿ ಪರಿಚಯವಾದ ಪ್ರಕಾಶಕರೊಬ್ಬರು ನಲವತ್ತೆರಡು ಸಾವಿರ ರೂಪಾಯಿ ಕೊಟ್ಟರೆ 500 ಪ್ರತಿ ಮುದ್ರಿಸುವುದಾಗಿಯೂ ಅದರಲ್ಲಿ 50 ಪ್ರತಿ ನನಗೆ ಕೊಡುವುದಾಗಿಯೂ ಹೇಳಿದ್ದಾರೆ. ಗ್ರಂಥಾಲಯಗಳಿಗೂ ಪುಸ್ತಕ ಹೋಗುತ್ತದೆಂದು ಭರವಸೆ ಕೊಟ್ಟಿದ್ದಾರೆ. ಅವರು ಕಳುಹಿಸಿರುವ ಕರಾರಿನಲ್ಲಿ ಕೃತಿಯ ಸಂಪೂರ್ಣ ಹಕ್ಕು ಪ್ರಕಾಶಕರದ್ದು ಎಂದಿದೆ. ಹಣ ಹೊಂದಿಸುತ್ತೇನೆ ಎಂದು ಅಣ್ಣ ಹೇಳುತ್ತಾನೆ. ಮೊದಲು ಪರೀಕ್ಷೆಯೂ ಸಿಇಟಿಯೂ ಮುಗಿಯಲಿ ಎಂದು ಅಪ್ಪ ಹೇಳುತ್ತಾರೆ. ಹದಿನೆಂಟು ತುಂಬುವುದರೊಳಗೆ ಪುಸ್ತಕ ಬಂದರೆ ‘ಅತಿ ಕಿರಿಯ ಕಾದಂಬರಿಗಾರ್ತಿ’ ಎಂದು ಪ್ರಚಾರ ಮಾಡಬಹುದು ಎಂಬುದು ಆ ಪ್ರಕಾಶಕರ ವಾದ.

ಎರಡನೆಯದು ಭಾಷೆಯದು. ಸಂಭಾಷಣೆಯನ್ನೆಲ್ಲ ನಾನು ನಮ್ಮ ಕಡೆಯ ಮಾತಿನಲ್ಲಿಯೇ ಬರೆದಿದ್ದೆ. ಕನ್ನಡ ಉಪನ್ಯಾಸಕರೊಬ್ಬರಿಗೆ ಓದಲು ಕೊಟ್ಟಾಗ ಅವರು ಬಹಳ ಪ್ರೀತಿಯಿಂದ, ಕೆಂಪು ಶಾಯಿಯಲ್ಲಿ, ‘ಹೊತ್ತಾತು, ಚೀಲಾ ಹೊಲೀರವ್ವಾ’ ಎಂಬುದನ್ನು ‘ಹೊತ್ತಾಯಿತು, ಚೀಲಗಳನ್ನು ಹೊಲಿಯಿರಿ’ ಎಂದು ತಿದ್ದಿದ್ದಾರೆ. ಉಳಿದ ಪುಟಗಳಲ್ಲಿಯೂ ಹೀಗೆಯೇ ಆಗಿದೆ. ಬೇರೆ ಜಿಲ್ಲೆಯವರಿಗೆ ಅರ್ಥವಾಗಬೇಕಾದರೆ ಹೀಗೇ ಇರಬೇಕೆಂಬುದು ಅವರ ಅಭಿಪ್ರಾಯ. ಯಾವುದನ್ನು ಉಳಿಸಿಕೊಳ್ಳಲಿ? ಹಿರಿಯರು ದಯವಿಟ್ಟು ತಿಳಿಸಬೇಕು.

ಉತ್ತರ 1: ಕರಡು ತಿದ್ದುವವ, ಧಾರವಾಡ

ತಂಗಿ, ಭಾಷೆಯ ಪ್ರಶ್ನೆಯನ್ನು ಬಲ್ಲವರಿಗೆ ಬಿಟ್ಟು ಹಣದ ವಿಷಯವನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ಏಕೆಂದರೆ ಮುದ್ರಣಾಲಯಗಳ ಒಳಗೆ ಕುಳಿತು ಇಂಥ ಕರಾರುಗಳನ್ನು ಸಾಕಷ್ಟು ನೋಡಿದ್ದೇನೆ.

ಮೊದಲು ಸರಳವಾದ ಲೆಕ್ಕ. ನಲವತ್ತೆರಡು ಸಾವಿರವನ್ನು 500ರಿಂದ ಭಾಗಿಸಿದರೆ ಪ್ರತಿಯೊಂದಕ್ಕೆ 84 ರೂಪಾಯಿ. ಪುಸ್ತಕದ ಮುಖಬೆಲೆ 200 ರೂಪಾಯಿ ಎಂದು ಇಟ್ಟುಕೊಂಡು, ನಿಮ್ಮ ಪಾಲಿನ 50 ಪ್ರತಿಗಳನ್ನೂ ಬಿಡಿಗಾಸಿನ ರಿಯಾಯಿತಿಯಿಲ್ಲದೆ ಮಾರಿದಿರಿ ಎಂದೇ ಭಾವಿಸಿದರೂ ಕೈಗೆ ಬರುವುದು ಹತ್ತು ಸಾವಿರ. ಉಳಿದ 450 ಪ್ರತಿಗಳು ನಿಮ್ಮ ಮನೆಯ ಹಣದಲ್ಲಿ ಅಚ್ಚಾಗಿ ಬೇರೆಯವರ ಸ್ವತ್ತಾಗುತ್ತವೆ. ತನ್ನದೇ ಹಣ ಹಾಕುವ ಪ್ರಕಾಶಕ, ಅದು ಮರಳಬೇಕಾದ್ದರಿಂದ, ಹಸ್ತಪ್ರತಿಯನ್ನು ಓದುತ್ತಾನೆ, ಜಗಳವಾಡುತ್ತಾನೆ, ಅಧ್ಯಾಯ ತೆಗೆಯಿರಿ ಎನ್ನುತ್ತಾನೆ. ಮುಂಗಡವಾಗಿಯೇ ಲಾಭ ಪಡೆದವನಿಗೆ ಓದುವ ಅಗತ್ಯವೇ ಇಲ್ಲ. ನಿಮ್ಮ ಕಾದಂಬರಿಯ ಯಾವ ಅಧ್ಯಾಯದ ಬಗ್ಗೆ ಅವರು ಏನು ಹೇಳಿದರು ಎಂದು ನೆನಪಿಸಿಕೊಳ್ಳಿ. ಪತ್ರದಲ್ಲಿ ನಿಮ್ಮ ವಯಸ್ಸಿನ ಪ್ರಸ್ತಾಪ ಬಿಟ್ಟರೆ ಬೇರೇನೂ ಇಲ್ಲವೆಂದಾದರೆ ಅವರಿಗೆ ಬೇಕಾಗಿರುವುದು ಕಾದಂಬರಿಯಲ್ಲ.

ಸ್ವಂತ ಖರ್ಚಿನಲ್ಲಿ ಪುಸ್ತಕ ತರುವುದು ಅವಮಾನವೆಂದು ನಾನು ಹೇಳುತ್ತಿಲ್ಲ. ನಿಮ್ಮ ಜಿಲ್ಲೆಯವರೇ ಆದ ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. ಅವರ ಬರಹಗಳು ಬೆಳಕು ಕಂಡ ‘ಸದ್ಬೋಧ ಚಂದ್ರಿಕೆ’ ಪತ್ರಿಕೆ ಹೊರಟದ್ದೂ ನಿಮ್ಮದೇ ಜಿಲ್ಲೆಯ ಅಗಡಿಯ ಆನಂದವನದಿಂದ. ಆದರೆ ಹೊತ್ತ ಪುಸ್ತಕ ಅವರದಾಗಿತ್ತು, ಬಂದ ಹಣವೂ ಅವರದಾಗಿತ್ತು. ನಿಮ್ಮ ಕರಾರಿನಲ್ಲಿ ಭಾರ ಮಾತ್ರ ನಿಮ್ಮದು.

ಇನ್ನು ಕಾನೂನು. 1875ರ ಪ್ರಾಪ್ತವಯಸ್ಕರ ಕಾಯ್ದೆಯಂತೆ ಹದಿನೆಂಟು ತುಂಬಿದವರೇ ವಯಸ್ಕರು. 1872ರ ಕರಾರು ಕಾಯ್ದೆಯ 11ನೆಯ ಕಲಮಿನ ಪ್ರಕಾರ ಅಪ್ರಾಪ್ತರಿಗೆ ಕರಾರು ಮಾಡಿಕೊಳ್ಳುವ ಅರ್ಹತೆಯಿಲ್ಲ. ಅಂಥ ಕರಾರು ಮೂಲದಲ್ಲಿಯೇ ಶೂನ್ಯವೆಂದು ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಪೀಠವಾದ ಪ್ರಿವಿ ಕೌನ್ಸಿಲ್ 1903ರಲ್ಲಿಯೇ ತೀರ್ಪು ಕೊಟ್ಟಿದೆ. ಅಂದರೆ ಇವತ್ತು ನೀವು ಹಾಕುವ ಸಹಿಗೆ ಬೆಲೆಯಿಲ್ಲ. ಆದರೆ ನಿಮ್ಮ ಅಣ್ಣ ವಯಸ್ಕರಾಗಿದ್ದು ಹಣ ಕೊಡುವ ಕಾಗದಕ್ಕೆ ತಾವೇ ಸಹಿ ಹಾಕಿದರೆ ಅವರು ಬದ್ಧರಾಗುತ್ತಾರೆ. ತಂದೆ ಇರುವಾಗ ನಿಮ್ಮ ಪರವಾಗಿ ಸಹಿ ಹಾಕುವ ಪೋಷಕರು ಅಣ್ಣನಲ್ಲ ಎಂಬುದನ್ನೂ ಮನೆಯಲ್ಲಿ ಹೇಳಿ.

ಕೃತಿಸ್ವಾಮ್ಯದ ಮಾತು ಹಾಗಲ್ಲ, ಅದಕ್ಕೆ ವಯಸ್ಸಿನ ಮಿತಿಯಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ನೀವು ನೋಟ್‌ಬುಕ್ಕಿನಲ್ಲಿ ಬರೆದ ಕ್ಷಣದಿಂದಲೇ ಅದು ನಿಮ್ಮದು, ನೋಂದಣಿ ಕಡ್ಡಾಯವಲ್ಲ, ಲೇಖಕರ ಜೀವಿತಾವಧಿ ಮತ್ತು ಅನಂತರದ 60 ವರ್ಷ ಅದು ಉಳಿಯುತ್ತದೆ. ಹಕ್ಕನ್ನು ವರ್ಗಾಯಿಸಲು ಬರವಣಿಗೆಯ ಪತ್ರ ಬೇಕು. ಆ ಪತ್ರದಲ್ಲಿ ಅವಧಿಯನ್ನು ಹೇಳದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತವೆಂದೂ ಕಾಯ್ದೆಯೇ ಭಾವಿಸುತ್ತದೆ. ಆದರೆ ‘ಶಾಶ್ವತವಾಗಿ’ ಎಂದು ಸ್ಪಷ್ಟವಾಗಿ ಬರೆದುಕೊಟ್ಟವರಿಗೆ ಈ ರಕ್ಷಣೆ ಸಿಗುವುದಿಲ್ಲ. ಆದ್ದರಿಂದ ಮುಂದೆ ಯಾರೊಂದಿಗೆ ಕರಾರು ಮಾಡಿಕೊಂಡರೂ ಮುದ್ರಣದ ಹಕ್ಕು ಬೇರೆ, ಅನುವಾದ, ಆಡಿಯೋ ಪುಸ್ತಕ, ಸಿನಿಮಾ ಹಕ್ಕುಗಳು ಬೇರೆ ಎಂದು ಬಿಡಿಸಿ ಬರೆಸಿಕೊಳ್ಳಿ.

ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆಂದು ಹಣ ಕೇಳಿದ್ದರೆ, ನಮ್ಮ ದೇಶದಲ್ಲಿ ಅದನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ ಎಂಬುದು ತಿಳಿದಿರಲಿ. ಗ್ರಂಥಾಲಯದ ಸಗಟು ಖರೀದಿಗೆ ಪುಸ್ತಕಗಳನ್ನು ಆರಿಸುವುದು ಇಲಾಖೆಯ ಸಮಿತಿ. ಯಾವ ಪ್ರಕಾಶಕರೂ ಅದಕ್ಕೆ ಮೊದಲೇ ಮಾತು ಕೊಡಲಾರರು. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆಯನ್ನು ಇಟ್ಟುಕೊಂಡಿದೆ. ಅದು ಹದಿನೆಂಟು ದಾಟಿದವರಿಗೆ. ನಿಮಗೆ ಒಂದು ವರ್ಷ ಕಾಯುವುದರಿಂದ ಆಗುವ ನಷ್ಟ ‘ಅತಿ ಕಿರಿಯ’ ಎಂಬ ವಿಶೇಷಣ ಮಾತ್ರ. ಅದನ್ನು ನೋಡಿ ಪುಸ್ತಕ ಕೊಂಡ ಓದುಗರನ್ನು ನಾನಂತೂ ಕಂಡಿಲ್ಲ. ಪತ್ರಿಕಾ ವರದಿಗಾರರನ್ನು ಕಂಡಿದ್ದೇನೆ.

ಉತ್ತರ 2: ನಿವೃತ್ತ ಉಪನ್ಯಾಸಕ, ಗದಗ

ನಿಮ್ಮ ಉಪನ್ಯಾಸಕರ ಶ್ರಮವನ್ನು ಗೌರವಿಸುತ್ತಲೇ ಹೇಳುತ್ತೇನೆ: ಸಂಭಾಷಣೆಯನ್ನು ಮೊದಲಿದ್ದ ಹಾಗೆಯೇ ಇಟ್ಟುಕೊಳ್ಳಿ. ತೊಟ್ಟು ಬಿಡಿಸುವ ಹೆಂಗಸು ‘ಚೀಲಗಳನ್ನು ಹೊಲಿಯಿರಿ’ ಎಂದರೆ ಅವಳು ಆ ಅಂಗಳದಿಂದ ಎದ್ದು ಹೋದಂತೆಯೇ. ಪರೀಕ್ಷೆಯ ಉತ್ತರಪತ್ರಿಕೆಗೆ ಆ ಕೆಂಪು ಶಾಯಿಯೇ ಸರಿ. ಕಾದಂಬರಿಯ ನ್ಯಾಯ ಬೇರೆ.

ಬೇರೆ ಜಿಲ್ಲೆಯವರಿಗೆ ತಿಳಿಯಲಾರದು ಎಂಬ ಆತಂಕಕ್ಕೆ ಕನ್ನಡ ಕಾದಂಬರಿ ಎಂದೋ ಉತ್ತರ ಕೊಟ್ಟಿದೆ. ಶಂಕರ ಮೊಕಾಶಿ ಪುಣೇಕರರ ‘ಗಂಗವ್ವ ಗಂಗಾಮಾಯಿ’, ರಾವ್ ಬಹಾದ್ದೂರರ ‘ಗ್ರಾಮಾಯಣ’ ಎರಡೂ ನಮ್ಮ ಉತ್ತರ ಕರ್ನಾಟಕದ ಮಾತನ್ನು ಬಳಸಿದ 1950ರ ದಶಕದ ಕಾದಂಬರಿಗಳು. ಎರಡನ್ನೂ ಹಳೆಯ ಮೈಸೂರಿನ ಓದುಗರು ಓದಿ ಮೆಚ್ಚಿದರು. ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ ನಿರೂಪಣೆಯೂ ನಂಜನಗೂಡು ಸೀಮೆಯ ಮಾತಿನಲ್ಲಿಯೇ ಇದೆ. ಅದನ್ನು ನಮ್ಮ ಕಡೆಯವರು ನಿಧಾನವಾಗಿ, ಕೆಲವೊಮ್ಮೆ ಗಟ್ಟಿಯಾಗಿ ಓದಿಕೊಂಡು, ಒಳಗೆ ಹೋದರು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು.

ನೀವು ನಿಜವಾಗಿ ತೀರ್ಮಾನಿಸಬೇಕಾದದ್ದು ಕಥೆ ಹೇಳುತ್ತಿರುವವರು ಯಾರು ಎಂಬುದನ್ನು. ನಿರೂಪಣೆ ಪುಸ್ತಕದ ಕನ್ನಡದಲ್ಲಿದ್ದು ಮಾತುಗಳಷ್ಟೇ ಊರಿನ ಕನ್ನಡದಲ್ಲಿದ್ದರೆ, ಹೇಳುವವಳು ಆ ಹೆಂಗಸರಿಗಿಂತ ಎತ್ತರದಲ್ಲಿ ನಿಂತು ಅವರನ್ನು ತೋರಿಸುತ್ತಿರುವಂತೆ ಕೆಲವು ಕಡೆ ಕೇಳಿಸಬಹುದು. ಹೇಳುವವಳು ಪಿಯುಸಿ ಓದಿ ಸ್ವಲ್ಪ ದೂರ ಸರಿದಿರುವ ಹುಡುಗಿಯೇ ಆಗಿದ್ದರೆ ಆ ಅಂತರವನ್ನೇ ಕಥೆಗೆ ದುಡಿಸಿಕೊಳ್ಳಬಹುದು. ಅವಳು ಮನೆಯಲ್ಲಿ ಒಂದು, ಕಾಲೇಜಿನಲ್ಲಿ ಒಂದು ಕನ್ನಡ ಆಡುವುದನ್ನು ಅವ್ವ ಗಮನಿಸುವ ಒಂದು ಪುಟ ಸಾಕು. ಇದನ್ನು ಗೊತ್ತುಮಾಡಿಕೊಳ್ಳದೆ ಸಂಭಾಷಣೆಯ ಪದಗಳನ್ನು ಮಾತ್ರ ಅತ್ತ ಇತ್ತ ಬದಲಿಸುವುದರಿಂದ ಪ್ರಯೋಜನವಿಲ್ಲ.

ಇನ್ನೊಂದು. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಎಲ್ಲರೂ ಒಂದೇ ರೀತಿ ಮಾತನಾಡುವುದಿಲ್ಲ. ದಲಾಲಿ ಅಂಗಡಿಯ ಯಜಮಾನನ ಮಾತು ಬೇರೆ. ಬಳ್ಳಾರಿಯ ಕಡೆಯಿಂದ, ಆಂಧ್ರದಿಂದ ಮಾಲು ತಂದವರ ತೆಲುಗು ಬೆರೆತ ಕನ್ನಡ ಬೇರೆ. ಹಮಾಲರದ್ದು, ತಾಂಡಾದಿಂದ ಬಂದವರದ್ದು, ಮುಸ್ಲಿಂ ಹೆಂಗಸರದ್ದು ಬೇರೆ ಬೇರೆ. ‘ಆತು’, ‘ಹೋತು’ಗಳನ್ನು ಎಲ್ಲರ ಬಾಯಿಗೂ ಸಮನಾಗಿ ಹಂಚಿದ್ದರೆ ಅದೂ ಗ್ರಾಂಥಿಕದಷ್ಟೇ ಕೃತಕ. ನಿಮ್ಮ ಅಜ್ಜಿಯವರನ್ನು ಕೂರಿಸಿಕೊಂಡು ಕೆಲವು ಅಧ್ಯಾಯಗಳನ್ನು ಗಟ್ಟಿಯಾಗಿ ಓದಿ ನೋಡಿ. ಅವರು ಎಲ್ಲಿ ನಗುತ್ತಾರೋ ಅದನ್ನು ಇದ್ದ ಹಾಗೆಯೇ ಬಿಡಿ, ಎಲ್ಲಿ ಅಡ್ಡ ಬಾಯಿ ಹಾಕುತ್ತಾರೋ ಅದನ್ನು ಗುರುತು ಹಾಕಿಕೊಳ್ಳಿ.

ಉತ್ತರ 3: ಓದುಗಳು, ಮೈಸೂರು

ಹಣ ಕೊಡಬೇಡಿ ಎಂಬ ಮಾತಿಗೆ ನನ್ನ ಸಹಮತವಿದೆ. ಆದರೆ ‘ಕಾಯಿರಿ’ ಎಂಬ ಸಲಹೆಯನ್ನು ಹಿರಿಯರು ಬಹಳ ಸುಲಭವಾಗಿ ಕೊಡುತ್ತಾರೆ ಎಂಬ ತಕರಾರೂ ಇದೆ. ಹದಿನೇಳರ ಹುಡುಗಿ ಮನೆಯವರನ್ನು, ಕಾಲೇಜನ್ನು, ಹಣವನ್ನು ನೋಡುವ ರೀತಿ ಇಪ್ಪತ್ತೈದರಲ್ಲಿ ನೆನಪಿನಿಂದ ಎಬ್ಬಿಸಿ ತರುವಂಥದ್ದಲ್ಲ. ಅಮೆರಿಕದ ಎಸ್. ಇ. ಹಿಂಟನ್ ತಮ್ಮ ಮೊದಲ ಕಾದಂಬರಿಯನ್ನು ಹದಿನೈದರಲ್ಲಿ ಆರಂಭಿಸಿದರು. 1967ರಲ್ಲಿ ಅದು ಪ್ರಕಟವಾದಾಗ ಅವರಿಗೆ ಹದಿನೆಂಟು. ತನ್ನ ವಯಸ್ಸಿನವರ ಬದುಕನ್ನು ಇದ್ದಂತೆ ಹೇಳುವ ಪುಸ್ತಕ ಸಿಗಲಿಲ್ಲವೆಂದೇ ಅವರು ಬರೆದದ್ದು. ಆ ಪುಸ್ತಕವನ್ನು ಹತ್ತು ವರ್ಷ ತಡೆದು ಬರೆದಿದ್ದರೆ ಅದು ಬೇರೆಯೇ ಪುಸ್ತಕವಾಗುತ್ತಿತ್ತು. ಗಮನಿಸಿ, ಅದನ್ನು ತಂದದ್ದು ಲೇಖಕಿಯಿಂದ ಹಣ ಪಡೆಯದ ಪ್ರಕಾಶನ ಸಂಸ್ಥೆ.

ಆದ್ದರಿಂದ ಕಾದಂಬರಿ ಕಾಯಲಿ, ನೀವು ಕಾಯಬೇಡಿ. ತನ್ನಷ್ಟಕ್ಕೆ ನಿಲ್ಲಬಲ್ಲ ಒಂದು ಅಧ್ಯಾಯವನ್ನು ಸಣ್ಣಕಥೆಯಾಗಿ ಮರಳಿ ಬರೆದು ‘ಮಯೂರ’, ‘ತುಷಾರ’ದಂಥ ಪತ್ರಿಕೆಗಳಿಗೆ ಕಳುಹಿಸಿ. ‘ಪ್ರಜಾವಾಣಿ’ಯ ದೀಪಾವಳಿ ಕಥಾಸ್ಪರ್ಧೆಯ ಪ್ರಕಟಣೆ ಬಂದಾಗ ವಿದ್ಯಾರ್ಥಿ ವಿಭಾಗವಿದೆಯೇ ಎಂದು ನೋಡಿ. ಮುಖ ಪರಿಚಯವಿಲ್ಲದ ಸಂಪಾದಕರು ಒಂದು ಕಥೆಯನ್ನು ಆರಿಸಿದರೆ ಅದರಿಂದ ತಿಳಿಯುವುದು, ಮನೆಯವರೂ ಗೆಳತಿಯರೂ ಹೊಗಳುವುದರಿಂದ ತಿಳಿಯುವುದಿಲ್ಲ. ಒಂದು ಎಚ್ಚರಿಕೆ: ಅಂತರ್ಜಾಲದ ಕಥಾತಾಣಗಳಲ್ಲಿ ಒಮ್ಮೆ ಹಾಕಿದ ಬರಹವನ್ನು ‘ಅಪ್ರಕಟಿತ’ ಎಂದು ಸ್ಪರ್ಧೆಗೆ ಕಳುಹಿಸಲು ಸಾಮಾನ್ಯವಾಗಿ ಆಗುವುದಿಲ್ಲ.

ನೀವು ಕೇಳದೇ ಇರುವ ಮತ್ತೊಂದು ವಿಷಯವಿದೆ. ಓಣಿಯ ಜನರನ್ನು ಇಟ್ಟುಕೊಂಡು ಬರೆದಿದ್ದೀರಿ. ಅವರು ನಾಳೆಯೂ ಅದೇ ಓಣಿಯಲ್ಲಿರುತ್ತಾರೆ, ನೀವೂ ಇರುತ್ತೀರಿ. ಹೆಸರು ಬದಲಿಸಿದ ಮಾತ್ರಕ್ಕೆ ಗುರುತು ಅಳಿಯುವುದಿಲ್ಲ. ಇಬ್ಬರನ್ನು ಒಬ್ಬರಾಗಿಸಿ, ಮನೆಯ ದಿಕ್ಕು, ಮಕ್ಕಳ ಸಂಖ್ಯೆ, ಕಸುಬು ಬದಲಿಸಿ. ಹಾಗೆ ಬದಲಿಸುವಾಗ ಪಾತ್ರ ಸಪ್ಪೆಯಾಗುವ ಬದಲು ನಿಮ್ಮ ಕೈಗೆ ಹೆಚ್ಚು ಬರುವುದೂ ಉಂಟು.

ಪ್ರಶ್ನೆ ಕೇಳಿದವರು: ಕಡ್ಡಿಮೆಣಸಿನಕಾಯಿ

ಎಲ್ಲರಿಗೂ ಧನ್ಯವಾದಗಳು. ಹಣ ಕೊಡುವುದಿಲ್ಲವೆಂದು ಅಣ್ಣನೇ ಆ ಪ್ರಕಾಶಕರಿಗೆ ತಿಳಿಸಿದ್ದಾನೆ. ಅಜ್ಜಿಗೆ ಮೊದಲ ಎರಡು ಅಧ್ಯಾಯ ಓದಿ ಹೇಳಿದೆ. ಭಾಷೆಯ ಬಗ್ಗೆ ಅವರು ಏನೂ ಅನ್ನಲಿಲ್ಲ. ಆದರೆ ಕಥೆಯ ಹೆಂಗಸು ಒಂದು ದಿನದಲ್ಲಿ ಬಿಡಿಸುವ ಮೆಣಸಿನಕಾಯಿಯ ತೂಕ ಕೇಳಿ, ‘ಆಕಿಗೆ ಎಷ್ಟ್ ಕೈ ಅದಾವು?’ ಎಂದರು.

ಒಂದು ಪ್ರಶ್ನೆ ಉಳಿದಿದೆ. 2024ರ ಮಾರ್ಚ್‌ನಲ್ಲಿ ಬೆಲೆ ಕುಸಿದಾಗ ನಮ್ಮ ಎಪಿಎಂಸಿಯಲ್ಲಿ ರೈತರ ಆಕ್ರೋಶ ಸಿಡಿದು ಕಚೇರಿಗೂ ವಾಹನಗಳಿಗೂ ಬೆಂಕಿ ಬಿದ್ದದ್ದನ್ನು ನೀವೆಲ್ಲ ಓದಿರಬಹುದು. ನನ್ನ ಕಾದಂಬರಿಯ ಕೊನೆಯ ಅಧ್ಯಾಯ ಅದೇ. ನಾನು ಆ ದಿನ ಅಲ್ಲಿರಲಿಲ್ಲ, ಟಿವಿಯಲ್ಲಿ ನೋಡಿದ್ದು. ಎಷ್ಟು ಸಲ ಬರೆದರೂ ಅದು ವರದಿಯಂತೆಯೇ ಕಾಣುತ್ತಿದೆ.

ಉತ್ತರ 4: ಕರಡು ತಿದ್ದುವವ, ಧಾರವಾಡ

ನೀವು ಅಲ್ಲಿರಲಿಲ್ಲವೆಂದಾದರೆ ನಿಮ್ಮ ಹುಡುಗಿಯೂ ಅಲ್ಲಿರಬೇಕಾಗಿಲ್ಲ. ಅವಳು ಮನೆಯಲ್ಲಿಯೇ ಇರಲಿ. ಮಾರುಕಟ್ಟೆ ನಿಂತ ದಿನಗಳಲ್ಲಿ ಅಂಗಳಕ್ಕೆ ಮಾಲು ಬರುವುದಿಲ್ಲ, ತೊಟ್ಟು ಬಿಡಿಸಲು ಕರೆ ಬರುವುದಿಲ್ಲ, ಹಿಂದಿನ ವಾರದ ಕೂಲಿಯನ್ನು ಯಾರ ಬಳಿ ಕೇಳಬೇಕೆಂದು ತಿಳಿಯುವುದಿಲ್ಲ. ರೈತನ ಸಿಟ್ಟು ಸುದ್ದಿಯಾಯಿತು, ಆಗಬೇಕಾದದ್ದೇ. ಆ ವಾರ ತೊಟ್ಟು ಬಿಡಿಸುವವಳ ಮನೆಯಲ್ಲಿ ಏನಾಯಿತು ಎಂಬುದನ್ನು ಯಾವ ಟಿವಿಯವರೂ ತೋರಿಸಿರಲಾರರು, ಅದು ನಿಮ್ಮ ಅಜ್ಜಿಗೆ ಗೊತ್ತು. ಬೆಂಕಿಯನ್ನು ಒಂದು ಸಾಲಿನಲ್ಲಿ ಹೇಳಿ ಈ ವಾರವನ್ನು ಒಂದು ಅಧ್ಯಾಯ ಮಾಡಿ. ರೈತರು ಸರಿಯೋ ವ್ಯಾಪಾರಿಗಳು ಸರಿಯೋ ಎಂದು ತೀರ್ಪು ಕೊಡುವ ಸಂದರ್ಭವೂ ಆಗ ಬರುವುದಿಲ್ಲ.

ಇದನ್ನೆಲ್ಲ ಸಿಇಟಿ ಮುಗಿದ ಮೇಲೆ ಮಾಡಿದರಾಯಿತು. ಅಪ್ಪನ ಮಾತಿಗೆ ನಾನು ಸೇರಿಸುವುದೇನಿಲ್ಲ. ಆದರೆ ಒಂದು ಕೆಲಸವನ್ನು ಈ ಭಾನುವಾರವೇ ಮಾಡಿ: ನೋಟ್‌ಬುಕ್ಕುಗಳ ಪುಟಪುಟವನ್ನೂ ಫೋಟೋ ತೆಗೆದು ಎರಡು ಕಡೆ ಇಟ್ಟುಕೊಳ್ಳಿ. ಕೆಂಪು ಶಾಯಿಯ ಪ್ರತಿಯನ್ನೂ ಎಸೆಯಬೇಡಿ. ಅದರ ಕೆಳಗಿರುವುದೇ ನಿಮ್ಮ ಮೂಲಪ್ರತಿ. ಬೇಸಿಗೆಯಲ್ಲಿ ಬೆರಳಚ್ಚು ಮಾಡುವಾಗ, ಯಾವ ಕಂಪ್ಯೂಟರಿನಲ್ಲಿಯೂ ಮೊಬೈಲಿನಲ್ಲಿಯೂ ತೆರೆದು ಓದಬಹುದಾದ ಯೂನಿಕೋಡಿನಲ್ಲಿಯೇ ಮಾಡಿ. ಹಳೆಯ ನುಡಿ ಫಾಂಟುಗಳಲ್ಲಿ ಪುಟ ಕಟ್ಟುವ ಮುದ್ರಣಾಲಯದವರು ಅದನ್ನು ತಾವೇ ಪರಿವರ್ತಿಸಿಕೊಳ್ಳುತ್ತಾರೆ. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಕೆಡುವುದುಂಟು. ಆ ಕರಡನ್ನು ಮಾತ್ರ ಬೇರೆಯವರ ಕೈಗೆ ಬಿಡದೆ ನೀವೇ ನೋಡಿ.