ಪದಚರ್ಚೆ: ನೀರಿನ 'ತಲಾ ಲಭ್ಯತೆ'ಯೋ, 'ತಲಾ ಪಾಲೋ'?

ಗೆಳೆಯರೇ,

ನಮ್ಮೂರಿನ ಗ್ರಂಥಾಲಯದ ಗೋಡೆಗೆ ಒಂದು ನಕ್ಷೆ ಬರೆಯುತ್ತಿದ್ದೇನೆ. ಮಂಡ್ಯದ ಹತ್ತಿರ, ವಿ.ಸಿ. ನಾಲೆ ಬಯಲಿನ ಊರು. ಭಾರತದಲ್ಲಿ ಮತ್ತು ಬಾಂಗ್ಲಾದೇಶದಲ್ಲಿ ಒಬ್ಬೊಬ್ಬರಿಗೆ ವರ್ಷಕ್ಕೆ ಎಷ್ಟು ಸಿಹಿನೀರು ಬರುತ್ತದೆ, ಅದು ಹೇಗೆ ಇಳಿಯುತ್ತಾ ಬಂತು ಎಂದು ತೋರಿಸುವ ಎರಡು ಗೆರೆ. ಗೆರೆ ಎಳೆದಾಯಿತು. ತಲೆಬರಹ ಮಾತ್ರ ಸಿಗುತ್ತಿಲ್ಲ.

ಕಚೇರಿ ಕನ್ನಡದಲ್ಲಿ ಬರೆದರೆ 'ತಲಾ ನವೀಕರಿಸಬಹುದಾದ ಆಂತರಿಕ ಸಿಹಿನೀರಿನ ಲಭ್ಯತೆ' ಎಂದಾಗುತ್ತದೆ. ಓದುವ ಮಕ್ಕಳಿಗೆ ಇದರಿಂದ ಏನು ತಿಳಿಯಬೇಕು?

ಭಾರತದ ನೆಲದಲ್ಲಿ ಮಳೆಯಿಂದ ವರ್ಷಕ್ಕೆ ಹೊಸದಾಗಿ ಕೂಡುವ ಸಿಹಿನೀರು ಸುಮಾರು 1,44,600 ಕೋಟಿ ಘನ ಮೀಟರ್. ನಮ್ಮ ಕಡೆಯ ಲೆಕ್ಕದಲ್ಲಿ 51 ಸಾವಿರ ಟಿಎಂಸಿ. ಕೆಆರ್‌ಎಸ್ ಪೂರ್ತಿ ತುಂಬಿದರೆ 49 ಟಿಎಂಸಿ ಚಿಲ್ಲರೆ, ಅದನ್ನು ನೆನೆದರೆ ಅಳತೆ ಗೊತ್ತಾಗುತ್ತದೆ. ಇದು ಹಲವು ವರ್ಷಗಳ ಸರಾಸರಿ. 1961ಕ್ಕೂ 2011ಕ್ಕೂ ಇದೇ ಅಂಕಿ ಹಿಡಿಯುತ್ತಾರೆ. ಬದಲಾದದ್ದು ಜನ. 1961ರ ಜನಗಣತಿಯಲ್ಲಿ 44 ಕೋಟಿ ಇದ್ದೆವು, 2011ರಲ್ಲಿ 121 ಕೋಟಿ. ಹಾಗಾಗಿ ತಲೆಗೆ 3,300 ಘನ ಮೀಟರ್ ಇದ್ದದ್ದು 1,200ಕ್ಕೆ ಬಂತು.

'ನೀರಿನ ಲಭ್ಯತೆ ಕುಸಿದಿದೆ' ಎಂದು ಬರೆದು ಪಕ್ಕದ ಮನೆಯ ರೈತರಿಗೆ ತೋರಿಸಿದೆ. "ಮಳೆ ಕಮ್ಮಿ ಆಯ್ತು ಅಂತ ಬರ್ದಿದೀರಾ?" ಎಂದರು. ಅಲ್ಲ, ನೀರು ಅಷ್ಟೇ, ಜನ ಜಾಸ್ತಿ ಎಂದೆ. "ಓ, ಭಾಗ ಆಗಿದೆ ಅನ್ನಿ" ಎಂದರು.

ಪದ ಅಲ್ಲೇ ಇತ್ತು ಅನ್ನಿಸಿತು. ಅಪ್ಪನ ನಾಲ್ಕು ಎಕರೆ ನಾಲ್ಕು ಮಕ್ಕಳಿಗೆ ಭಾಗವಾದರೆ 'ಗದ್ದೆ ಕುಸಿಯಿತು' ಅಂತ ಯಾರೂ ಹೇಳುವುದಿಲ್ಲ. ಪಾಲು ಚಿಕ್ಕದಾಯಿತು ಅಂತಾರೆ, ಅಲ್ವಾ? 'ಲಭ್ಯತೆ' ಎಂದಾಗ ನಲ್ಲಿ ತಿರುಗಿಸಿದರೆ ಬರುವ ನೀರು ಕಣ್ಣ ಮುಂದೆ ನಿಲ್ಲುತ್ತದೆ. ಈ ಅಂಕಿ ಹೇಳುವುದು ಬರೀ ಭಾಗಾಕಾರ. ಅದಕ್ಕೆ 'ತಲಾ ಪಾಲು' ಎಂದು ಬರೆದೆ. ಈಗ ಇನ್ನೊಂದು ಅನುಮಾನ. 'ತಲಾ ಎರಡು ಕೆಜಿ ಅಕ್ಕಿ' ಎಂದಾಗಲೇ ಹಂಚಿಕೆಯ ಅರ್ಥ ಬಂದುಬಿಡುತ್ತದೆ. ಹಾಗಿದ್ದರೆ 'ತಲಾ ಪಾಲು' ಒಂದೇ ಮಾತನ್ನು ಎರಡು ಸಲ ಹೇಳಿದಂತೆಯೇ? 'ತಲೆಪಾಲು' ಎಂದರೆ ಕಿವಿಗೆ ಒರಟೇ?

ನನ್ನನ್ನು ಜಾಸ್ತಿ ಕಾಡಿದ್ದು 'ಆಂತರಿಕ'. ಸುಲಭವಾಗಲಿ ಎಂದು 'ಒಳನೀರು' ಎಂದು ಬರೆದಿದ್ದೆ. ಆಮೇಲೆ ಹೊಳೆಯಿತು, ನಮ್ಮ ಜಿಲ್ಲೆಯಲ್ಲಿ ಇದು ತಿರುಗುಮುರುಗು ಆಗುತ್ತದೆ. ಮಳೆಗಾಲದಲ್ಲಿ ಪೇಪರ್ ಬಿಚ್ಚಿದರೆ ಮೊದಲು ನೋಡುವುದೇ ಕೆಆರ್‌ಎಸ್ ಒಳಹರಿವು. ಅಂದರೆ ಕೊಡಗಿನ ಕಡೆಯಿಂದ, ಹೊರಗಿನಿಂದ ಬಂದ ನೀರು. ನಕ್ಷೆಯಲ್ಲಿ ಹೇಳಬೇಕಾದ್ದು ದೇಶದೊಳಗೇ ಹುಟ್ಟಿದ ನೀರು.

ಬಾಂಗ್ಲಾದೇಶಕ್ಕೆ ಈ ಒಂದು ಪದದಲ್ಲೇ ಎಲ್ಲಾ ಇದೆ. ಅದರ ನೆಲದಲ್ಲಿ ಹುಟ್ಟುವ ನೀರು ಸುಮಾರು 10,500 ಕೋಟಿ ಘನ ಮೀಟರ್ ಮಾತ್ರ. 1974ರ ಜನಸಂಖ್ಯೆಗೆ ಹಂಚಿದರೆ ತಲೆಗೆ 1,400ರ ಆಸುಪಾಸು, ಈಗಿನ 17 ಕೋಟಿ ಜನಕ್ಕೆ ಹಂಚಿದರೆ 620. ನಮಗಿಂತ ಬರಗೆಟ್ಟ ದೇಶ ಎಂದು ಮಕ್ಕಳು ತಿಳಿದಾರು! ಆದರೆ ಗಂಗೆ, ಬ್ರಹ್ಮಪುತ್ರ ಹೊತ್ತು ತರುವ ನೀರನ್ನೂ ಸೇರಿಸಿದರೆ ಒಟ್ಟು 1,22,700 ಕೋಟಿ. ತಲೆಗೆ 7,200. ಒಂದೇ ದೇಶ, ಒಂದೇ ವರ್ಷ, ಹನ್ನೊಂದು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಅದಕ್ಕೇ ಈ ಪದವನ್ನು ಸುಮ್ನೆ ಬಿಡಲು ಮನಸ್ಸಾಗುತ್ತಿಲ್ಲ. 'ನಾಡಲ್ಲೇ ಹುಟ್ಟಿದ ನೀರು', 'ಹರಿದು ಬಂದ ನೀರು' ಎಂದು ಎರಡು ಮಾಡಿದ್ದೇನೆ. ಕಾವೇರಿ ತಲಕಾವೇರಿಯಲ್ಲಿ ಹುಟ್ಟುತ್ತಾಳೆ ಅನ್ನುತ್ತೇವೆ, ಸರಿ. ನೆಲಕ್ಕೆ ಇಂಗಿದ ಮಳೆನೀರಿಗೂ 'ಹುಟ್ಟು' ಹೊಂದುತ್ತದೆಯೇ?

ಇನ್ನು 'ನವೀಕರಿಸಬಹುದಾದ'. ಲೈಸೆನ್ಸನ್ನು ನವೀಕರಿಸುತ್ತೇವೆ. ಅದಕ್ಕೆ ಮಾಡುವವನೊಬ್ಬ ಬೇಕು. ಮಳೆನೀರನ್ನು ಯಾರೂ ನವೀಕರಿಸುವುದಿಲ್ಲ, ಅದು ತಾನೇ ಬರುತ್ತದೆ. ಸದ್ಯಕ್ಕೆ 'ವರ್ಷಾವರ್ಷ ಮರುತುಂಬುವ' ಎಂದಿಟ್ಟಿದ್ದೇನೆ. ಉದ್ದವಾಯಿತು. ಬತ್ತಿದ ಕೆರೆ ಬಾವಿ ಮಳೆಗೆ ಮತ್ತೆ ತುಂಬುವುದಕ್ಕೆ ನಿಮ್ಮ ಕಡೆ ಒಂದೇ ಪದ ಇದ್ದರೆ ದಯವಿಟ್ಟು ತಿಳಿಸಿ. ನಮ್ಮಲ್ಲಿ 'ಕೋಡಿ ಬಿತ್ತು' ಅಂತೀವಿ, ಆದರೆ ಅದು ಕೆರೆ ತುಂಬಿ ಹರಿದ ಮೇಲಿನ ಮಾತು.