ಪೆಥಾಲಜಿ ಹಿಡಿಸಿದವರು ಮೈಸೂರು, ಮಂಡ್ಯ ಕಡೆ ಯಾರಿದ್ದೀರಿ? ನಿಮಗೆ ಜೊತೆಗಾರರು ಎಲ್ಲಿ ಸಿಕ್ಕರು?

ಕಬ್ಬಿನ ಸೀಮೆ (ಕೇಳಿದವರು)

ಮಂಡ್ಯದಲ್ಲಿ ಎಂಬಿಬಿಎಸ್ ಓದುತ್ತಿದ್ದೇನೆ. ಸೆಕೆಂಡ್ ಇಯರ್ ಮುಗಿದು ಈಗ ಥರ್ಡ್ ಇಯರ್. ಪೆಥಾಲಜಿ, ಅಂದರೆ ರಕ್ತ, ಅಂಗಾಂಶ ಪರೀಕ್ಷಿಸಿ ರೋಗ ಗುರುತಿಸುವ ವಿಭಾಗ, ತುಂಬಾ ಹಿಡಿಸಿಬಿಟ್ಟಿದೆ. ಪರೀಕ್ಷೆ ಮುಗಿದ ಮೇಲೂ ಸ್ಲೈಡ್ ನೋಡಬೇಕು ಅನಿಸುತ್ತದೆ. ಹಾಸ್ಟೆಲಿನಲ್ಲಿ ಹೇಳಿದರೆ "ಯಾಕೆ, ಪೇಷಂಟ್ ಅಂದ್ರೆ ಭಯಾನಾ?" ಅಂತಾರೆ. ಎಲ್ಲರ ಬಾಯಲ್ಲೂ ಮೆಡಿಸಿನ್, ರೇಡಿಯಾಲಜಿ, ಡರ್ಮಾ. ಅಪ್ಪನಿಗೆ ಇನ್ನೂ ಹೇಳಿಲ್ಲ. ಮಗಳು ಊರಲ್ಲಿ ಕ್ಲಿನಿಕ್ ಇಡುತ್ತಾಳೆ ಅಂತ ಅವರ ಆಸೆ. ಇದೇ ಹುಚ್ಚು ಇರುವವರು ನಿಮಗೆ ಎಲ್ಲಿ, ಹೇಗೆ ಸಿಕ್ಕರು? ಕೂತು ಸ್ಲೈಡ್ ಬಗ್ಗೆ ಮಾತಾಡೋಕೆ ಜನ ಬೇಕು ನನಗೆ.

ಸರಸ್ವತಿಪುರಂ ಅಕ್ಕ

ತಂಗಿ, ನಮ್ಮ ಬ್ಯಾಚಿನಲ್ಲಿ ಪೆಥಾಲಜಿಯೇ ಬೇಕು ಅಂದವಳು ನಾನೊಬ್ಬಳೇ. ಕ್ಲಾಸಿನಲ್ಲಿ ಹುಡುಕಿ ಸಾಕಾಯಿತು. ಕೊನೆಗೆ ಸಿಕ್ಕಿದ್ದು ಅಂಗಾಂಶ ಪರೀಕ್ಷಿಸುವ ಹಿಸ್ಟೋಪೆಥಾಲಜಿ ಲ್ಯಾಬಿನ ಟೆಕ್ನಿಷಿಯನ್. ರಿಟೈರ್ ಆಗುವ ವಯಸ್ಸು ಅವರಿಗೆ. ಊಟದ ಬಿಡುವಿನಲ್ಲಿ ಹೋಗಿ ಸುಮ್ನೆ ಪಕ್ಕದಲ್ಲಿ ನಿಲ್ಲುತ್ತಿದ್ದೆ. ಮೊದಮೊದಲು ಮಾತೇ ಆಡಿಸಲಿಲ್ಲ. ಆಮೇಲೆ ಒಂದು ದಿನ ಅಂಗಾಂಶ ಹುದುಗಿಸಿ ಐಸ್ ಮೇಲಿಟ್ಟಿದ್ದ ಮೇಣದ ಬ್ಲಾಕ್ ಎತ್ತಿ, ತೆಳುವಾಗಿ ಕತ್ತರಿಸುವ ಮೈಕ್ರೋಟೋಮ್ ಯಂತ್ರಕ್ಕೆ ಸಿಕ್ಕಿಸಿ "ನೀನೇ ತಿರುಗಿಸಮ್ಮ" ಅಂದರು. ನಾಲ್ಕು ಮೈಕ್ರಾನ್ ದಪ್ಪದ ಪದರ ಬರಬೇಕು. ನನಗೆ ಬಂದಿದ್ದು ಬರೀ ಸುಕ್ಕು, ಪುಡಿ. ಅವರು ಬ್ಲಾಕಿನ ಮೇಲೆ ಒಂದು ಸಲ ಉಸಿರು ಬಿಟ್ಟು, ಚಕ್ರ ನಿಧಾನಕ್ಕೆ ತಿರುಗಿಸಿದರೆ ಒಂದರ ಬೆನ್ನಿಗೊಂದು ಅಂಟಿಕೊಂಡು ಉದ್ದಕ್ಕೆ ಇಳಿಯುತ್ತಿತ್ತು. ಬಿಸಿನೀರಿನ ಮೇಲೆ ತೇಲಿಬಿಟ್ಟರೆ ಉಳಿದ ಸುಕ್ಕೂ ಬಿಡುತ್ತಿತ್ತು. ಯಾವ ಪ್ರೊಫೆಸರ್ ಯಾವ ಹೊತ್ತಿಗೆ ಸೈನ್‌ಔಟ್‌ಗೆ (ಸ್ಲೈಡ್ ನೋಡಿ ಅಂತಿಮ ರಿಪೋರ್ಟ್ ಕೊಡಲು) ಕೂರುತ್ತಾರೆ, ಯಾರು ವಿದ್ಯಾರ್ಥಿಗಳನ್ನು ಸೇರಿಸುತ್ತಾರೆ, ಯಾರು ಗದರುತ್ತಾರೆ, ಎಲ್ಲ ಹೇಳಿಕೊಟ್ಟವರು ಅವರೇ.

ಆಪರೇಷನ್ನಿನಲ್ಲಿ ತೆಗೆದ ಭಾಗಗಳನ್ನು ಬರಿಗಣ್ಣಿಂದ ನೋಡಿ ಕತ್ತರಿಸುವ ಗ್ರಾಸಿಂಗ್ ರೂಮಿಗೂ ಅವರೇ ಕರೆದುಕೊಂಡು ಹೋದರು. ಸ್ತನ ಕ್ಯಾನ್ಸರಿನ ಆಪರೇಷನ್ ಆದ ಮೇಲೆ ಕಂಕುಳಿನ ಕೊಬ್ಬು ಬರುತ್ತದಲ್ಲ, ಅದರಲ್ಲಿ ಲಿಂಫ್ ನೋಡ್ (ದುಗ್ಧ ಗ್ರಂಥಿ) ಹುಡುಕಬೇಕು. ಚಿಕ್ಕವು ಕಣ್ಣಿಗೆ ಕಾಣುವುದಿಲ್ಲ. ಎರಡು ಬೆರಳ ನಡುವೆ ಹಿಸುಕುತ್ತಾ ಹೋಗಬೇಕು. ಕೊಬ್ಬು ಜಾರಿಹೋಗುತ್ತದೆ, ನೋಡ್ ಬೆರಳಿಗೆ ತಡೆಯುತ್ತದೆ. ಎಷ್ಟು ನೋಡ್ ಸಿಕ್ಕಿತು, ಎಷ್ಟರಲ್ಲಿ ಕ್ಯಾನ್ಸರ್ ಇದೆ, ಅದನ್ನು ನೋಡಿ ಆ ಹೆಂಗಸಿನ ಮುಂದಿನ ಚಿಕಿತ್ಸೆ ನಿರ್ಧಾರವಾಗುತ್ತದೆ. ಅಲ್ಲಿ ನನ್ನ ಪಕ್ಕ ನಿಂತು ಹುಡುಕಿದ ಸ್ನಾತಕೋತ್ತರ (ಪಿಜಿ) ವಿದ್ಯಾರ್ಥಿನಿ ಇವತ್ತಿಗೂ ನನ್ನ ಆಪ್ತ ಗೆಳತಿ.

ಕಷ್ಟವನ್ನೂ ಹೇಳುತ್ತೇನೆ. ನಮ್ಮ ಗ್ರಾಸಿಂಗ್ ರೂಮಿನ ಎಕ್ಸಾಸ್ಟ್ ಫ್ಯಾನ್ ಕೆಟ್ಟು ಎಷ್ಟೋ ಕಾಲ ಹಾಗೇ ಇತ್ತು. ಫಾರ್ಮಲಿನ್ ಹೊಗೆಗೆ ಕಣ್ಣು ಉರಿದು ನೀರು ಸುರಿಯುತ್ತಿತ್ತು. ಕೊಡುತ್ತಿದ್ದ ಗ್ಲೌಸ್ ಹರಿಯುತ್ತಿದ್ದವು. ನೈಟ್ರೈಲ್ ಗ್ಲೌಸ್ ಸ್ವಂತ ದುಡ್ಡಲ್ಲಿ ತರಬೇಕು, ಆಗ ಡಬ್ಬಕ್ಕೆ 650 ರೂಪಾಯಿ. ಬಲಗೈ ಬೆರಳ ಚರ್ಮ ಒಡೆದು ಚರ್ಮದ ಡಾಕ್ಟರಿಗೆ, ಮುಲಾಮಿಗೆ ಸುರಿದಿದ್ದು ಬೇರೆ. ಆದರೂ ಬೇರೆ ಬ್ರಾಂಚ್ ಬೇಕಿತ್ತು ಅಂತ ಒಂದು ದಿನಕ್ಕೂ ಅನಿಸಿಲ್ಲ.

ಓಟಿ ಡಾಕ್ಟರ್, ಮಂಡ್ಯ

ಯಾರೂ ನಿಜ ಹೇಳುವುದಿಲ್ಲ, ನಾನು ಹೇಳುತ್ತೇನೆ. ನಾನು ಜನರಲ್ ಸರ್ಜರಿ. ಪಿಜಿಯಲ್ಲಿ ನಿದ್ದೆ ಇಲ್ಲ, ಊಟ ಇಲ್ಲ, ಅಣ್ಣನ ಮದುವೆಗೆ ಧಾರೆ ಹೊತ್ತಿಗೆ ತಲುಪಿದೆ. ಅಷ್ಟು ಬೆವರು ಹರಿಸಿದ್ದಕ್ಕೆ ಇವತ್ತು ನಾನು ಪೇಟೆಯಲ್ಲಿ ಹೋದರೆ ಜನ ನಿಲ್ಲಿಸಿ ಮಾತಾಡಿಸುತ್ತಾರೆ. ಸಂತೆಯಲ್ಲಿ ತರಕಾರಿಯವಳು ದುಡ್ಡು ತಗೊಳ್ಳಲ್ಲ, ಅವಳ ಮಗನ ಅಪೆಂಡಿಕ್ಸ್ ನಾನು ತೆಗೆದಿದ್ದು. ನನ್ನ ಬ್ಯಾಚಿನ ಪೆಥಾಲಜಿಸ್ಟ್ ಗೆಳೆಯನನ್ನು ಅವನ ಬೀದಿಯವರೇ "ರಕ್ತ ಪರೀಕ್ಷೆ ಮಾಡೋರು" ಅಂತಾರೆ. 2023ರಲ್ಲಿ ಪಿಜಿ ಪ್ರವೇಶ ಪರೀಕ್ಷೆ ನೀಟ್ ಪಿಜಿಯ ಕಟ್‌ಆಫ್ ಸೊನ್ನೆ ಪರ್ಸೆಂಟೈಲ್‌ಗೆ ಇಳಿಸಿದರು, ಯಾಕೆ? ಇಂಥ ಸೀಟು ತುಂಬಲಿ ಅಂತ. ಚೆನ್ನಾಗಿ ಓದುವ ಹುಡುಗಿ ಇದಕ್ಕೆ ಹೋಗಬೇಕಾ? ಅಪ್ಪನ ಮಾತು ಕೇಳಮ್ಮ.

ಸರಸ್ವತಿಪುರಂ ಅಕ್ಕ

ಓಟಿ ಡಾಕ್ಟರ್ ಅವರೇ, ಪೇಷಂಟ್ ಹೊಟ್ಟೆ ತೆರೆದಿಟ್ಟುಕೊಂಡು, ಆಗಿಂದಾಗಲೇ ಪರೀಕ್ಷಿಸಲು ಫ್ರೋಜನ್ ಅಂತ ತುಂಡು ಕಳಿಸುತ್ತೀರಲ್ಲ, ಆಗ ಫೋನ್ ಮಾಡುವುದು ಯಾರಿಗೆ? ತುಂಡು ನಮ್ಮ ಕೈಗೆ ಬಂದು ಇಪ್ಪತ್ತು ನಿಮಿಷದಲ್ಲಿ ಉತ್ತರ ಕೊಡಬೇಕು. ಕ್ರಯೋಸ್ಟಾಟಿನಲ್ಲಿ ಹೆಪ್ಪುಗಟ್ಟಿಸಿ, ಕತ್ತರಿಸಿ, ಬಣ್ಣ ಹಾಕಿ, ನೋಡಿ, ಅಂಚಿನಲ್ಲಿ ಕ್ಯಾನ್ಸರ್ ಇದೆಯೋ ಇಲ್ಲವೋ ಹೇಳಬೇಕು. ನಾವು ಇದೆ ಅಂದರೆ ನೀವು ಇನ್ನಷ್ಟು ತೆಗೆಯುತ್ತೀರಿ, ಇಲ್ಲ ಅಂದರೆ ಹೊಲಿಯುತ್ತೀರಿ. ತರಕಾರಿಯವಳಿಗೆ ನಮ್ಮ ಹೆಸರು ಗೊತ್ತಿಲ್ಲ, ಒಪ್ಪಿದೆ. ನಿಮಗೆ ಗೊತ್ತಿರಬೇಕಲ್ಲ? ಕಟ್‌ಆಫ್ ಇಳಿಸಿದ್ದು ಎಲ್ಲ ಬ್ರಾಂಚಿಗೂ.

ಓಟಿ ಡಾಕ್ಟರ್, ಮಂಡ್ಯ

ಗೌರವ ಇಲ್ಲ ಅಂತ ನಾನು ಹೇಳಿಲ್ಲ ಮೇಡಂ. ಬಾಯಿಗೆ ಬಂದಿದ್ದು ಸೇರಿಸಬೇಡಿ.

ಪಾಂಡವಪುರ ಗೌಡ

ಹುಡುಗಿ ಕೇಳಿದ್ದೇನು, ನೀವು ಜಗಳ ಆಡುತ್ತಿರುವುದೇನು? ಖರ್ಚು ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ.

ಸರ್ಕಾರಿ ಸೀಟು ಸಿಗಲಿಲ್ಲ. ಕೋಚಿಂಗ್ ಆ್ಯಪ್‌ಗೆ 32,000 ಕಟ್ಟಿದೆ. ಮೈಸೂರಿನಲ್ಲಿ ರೂಮು, ತಿಂಗಳಿಗೆ 6,500, ಕರೆಂಟ್ ಬೇರೆ. ಆಮೇಲೂ ಸರ್ಕಾರಿ ಸೀಟು ತಪ್ಪಿತು. ಬೇರೆ ಜಿಲ್ಲೆಯ ಒಂದು ಖಾಸಗಿ ಕಾಲೇಜಿನಲ್ಲಿ ಪೆಥಾಲಜಿ ಸಿಕ್ಕಿತು. ಫೀಸಿಗೆ ನಾಲೆ ಕೆಳಗಿನ ಅರ್ಧ ಎಕರೆ ಹೋಯಿತು. ಸೇರಿದ ಮೇಲೆ "ಇತರೆ ಶುಲ್ಕ" ಅಂತ 80,000 ಕೇಳಿದರು, ರಸೀದಿ ಕೊಡಲಿಲ್ಲ. ಸ್ಟೈಪೆಂಡ್ ಖಾತೆಗೆ ಹಾಕಿ ಅರ್ಧ ವಾಪಸ್ ತಗೊಳ್ಳುತ್ತಿದ್ದರು. ಹಳೇ ಬೈನಾಕ್ಯುಲರ್ ಮೈಕ್ರೋಸ್ಕೋಪ್ 18,000ಕ್ಕೆ ಕೊಂಡೆ. ಮನೆಗೆ ತಂದು ನೋಡಿದರೆ 40ಎಕ್ಸ್ ಲೆನ್ಸ್‌ಗೆ ಫಂಗಸ್ ಹಿಡಿದಿತ್ತು. ಮಾರಿದವನು ಫೋನ್ ಎತ್ತಲಿಲ್ಲ. ಹೊಸ ಲೆನ್ಸ್‌ಗೆ 6,200. ಮಳೆಗಾಲದಲ್ಲಿ ಮೈಕ್ರೋಸ್ಕೋಪನ್ನು ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿ ಇಡಿ, ಇದೊಂದು ಮಾತು ನೆನಪಿಟ್ಟುಕೊಳ್ಳಿ.

ನನಗೆ ಜನ ಸಿಕ್ಕಿದ್ದು ರಾಜ್ಯ ಸಮ್ಮೇಳನದಲ್ಲಿ. ನೋಂದಣಿ 5,500, ಪೋಸ್ಟರ್ ಪ್ರಿಂಟ್ 900, ಬಸ್ಸು, ಲಾಡ್ಜು ಸೇರಿ ಹತ್ತು ಸಾವಿರ ದಾಟಿತು. ಪೋಸ್ಟರ್ ಮುಂದೆ ನಿಂತಿದ್ದೆ, ಯಾರೂ ಹತ್ತಿರ ಬರಲಿಲ್ಲ. ಸಂಜೆ ಊಟದ ಸಾಲಿನಲ್ಲಿ ಮುಂದೆ ನಿಂತಿದ್ದವನು ಥೈರಾಯ್ಡ್ ಎಫ್‌ಎನ್‌ಎಸಿ (ಸಣ್ಣ ಸೂಜಿಯಿಂದ ಜೀವಕೋಶ ತೆಗೆದು ನೋಡುವ ಪರೀಕ್ಷೆ) ಬಗ್ಗೆ ಮಾತು ತೆಗೆದ. ತಟ್ಟೆ ಒಣಗಿದರೂ ಮಾತು ಮುಗಿಯಲಿಲ್ಲ. ಈಗಲೂ ಕಷ್ಟದ ಕೇಸ್ ಬಂದರೆ ಮೊದಲು ಫೋಟೋ ಹೋಗುವುದು ಅವನಿಗೆ. ಹತ್ತು ಸಾವಿರಕ್ಕೆ ಬಂದಿದ್ದು ಅವನೊಬ್ಬನೇ, ಅಷ್ಟು ಸಾಕು.

ಮದ್ದೂರು ಲ್ಯಾಬ್

ನಾನು ಡಾಕ್ಟರಲ್ಲ, ಡಿಎಂಎಲ್‌ಟಿ, ಅಂದರೆ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ. ಇಪ್ಪತ್ತು ವರ್ಷದಿಂದ ಲ್ಯಾಬ್ ನಡೆಸುತ್ತಿದ್ದೇನೆ. ಟೆಕ್ನಿಷಿಯನ್‌ಗಳನ್ನು ನೆನೆದ ಅಕ್ಕನಿಗೆ ನಮಸ್ಕಾರ. ಪೆಥಾಲಜಿಸ್ಟ್‌ಗಳ ಬಗ್ಗೆ ನನ್ನದೂ ಒಂದು ಅನುಭವ ಇದೆ. 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಲ್ಯಾಬ್ ರಿಪೋರ್ಟಿಗೆ ಪೆಥಾಲಜಿಯಲ್ಲಿ ಪಿಜಿ ಮಾಡಿದವರೇ ಸಹಿ ಹಾಕಬೇಕು ಅಂತ. ಸರಿ, ಹುಡುಕಿದೆ. ಬಂದವರೊಬ್ಬರು ತಿಂಗಳಿಗೆ 15,000 ಕೇಳಿದರು. ಲ್ಯಾಬಿಗೆ ಬರಲ್ಲ, ಸಹಿಯ ಸ್ಕ್ಯಾನ್ ಕಳಿಸುತ್ತೇನೆ ಅಂದರು. ನನ್ನ ಸೆಲ್ ಕೌಂಟರಿನ ಸರ್ವಿಸ್ ಕಾಂಟ್ರಾಕ್ಟ್ ವರ್ಷಕ್ಕೆ 38,000, ರೀಏಜೆಂಟ್ ತಿಂಗಳಿಗೆ 14,000, ಕರೆಂಟ್ ಹೋದರೆ ಯುಪಿಎಸ್ ಬ್ಯಾಟರಿ. ಇದರ ಮೇಲೆ ನೋಡದ ರಿಪೋರ್ಟಿನ ಸಹಿಗೆ ಹದಿನೈದು ಸಾವಿರ. ಇವರಿಗೆ ಗೌರವ ಬೇಕಂತೆ.

ಸರಸ್ವತಿಪುರಂ ಅಕ್ಕ

ಸಹಿ ಬಾಡಿಗೆಗೆ ಕೊಡುವವರನ್ನು ನಾನು ಸಮರ್ಥಿಸುವುದಿಲ್ಲ. ಅವರು ನಮ್ಮ ವೃತ್ತಿಗೇ ಕೆಟ್ಟ ಹೆಸರು ತಂದಿದ್ದಾರೆ. ಆದರೆ ಬಾಡಿಗೆಗೆ ತಗೊಂಡವರೂ ಇದ್ದಾರಲ್ಲ, ಮದ್ದೂರು ಅವರೇ? ಪ್ಲೇಟ್‌ಲೆಟ್ ಕಡಿಮೆ ಅಂತ ಮಷೀನ್ ಹೇಳಿದಾಗ ರಕ್ತವನ್ನು ಗಾಜಿನ ಮೇಲೆ ತೆಳುವಾಗಿ ಬಳಿದು ಸ್ಮಿಯರ್ ಹಾಕಿ ನೋಡಿದ್ದೀರಾ? ಪ್ಲೇಟ್‌ಲೆಟ್ ಗುಂಪುಗಟ್ಟಿದ್ದರೂ ಮಷೀನ್ ಕಡಿಮೆ ತೋರಿಸುತ್ತದೆ. ಅಂಥ ರಿಪೋರ್ಟ್ ಹಿಡಿದು ಡೆಂಗ್ಯೂ ಅಂತ ಹೆದರಿ ರಾತ್ರೋರಾತ್ರಿ ಮೈಸೂರಿಗೆ ಓಡಿಬಂದವರನ್ನು ನಾನು ನೋಡಿದ್ದೇನೆ.

ಮದ್ದೂರು ಲ್ಯಾಬ್

ಹಾಕಿ ನೋಡುತ್ತೇನೆ. ಪ್ರತಿಯೊಂದಕ್ಕೂ. ನಿಮಗೆ ಗೊತ್ತಿಲ್ಲದವರ ಕೆಲಸದ ಬಗ್ಗೆ ಹಗುರವಾಗಿ ಮಾತಾಡಬೇಡಿ.

ಕೆಂಪು ನೇರಳೆ

ನಾನು ಈಗ ಮೈಸೂರಿನಲ್ಲಿ ಎಂಡಿ ಪೆಥಾಲಜಿ ಮಾಡುತ್ತಿದ್ದೇನೆ. ನನ್ನ ಗುಂಪು ಕಟ್ಟಿಕೊಂಡಿದ್ದು ಎಚ್.ಡಿ. ಕೋಟೆಗೆ ಹೋಗುವ ಜೀಪಿನಲ್ಲಿ. ಇಂಟರ್ನ್ ಆಗಿದ್ದಾಗ ಹಾಡಿಗಳಲ್ಲಿ ಸಿಕಲ್ ಸೆಲ್ (ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಆನುವಂಶಿಕ ಕಾಯಿಲೆ) ತಪಾಸಣೆಗೆ ಹೋಗುತ್ತಿದ್ದೆವು. ಕೇಂದ್ರ ಸರ್ಕಾರದ ಸಿಕಲ್ ಸೆಲ್ ನಿರ್ಮೂಲನೆ ಯೋಜನೆ 2023ರಲ್ಲಿ ಶುರುವಾಯಿತಲ್ಲ, 2047ರ ಗುರಿ ಇಟ್ಟುಕೊಂಡು, ಅದಾದ ಮೇಲೆ ಈ ಕೆಲಸಕ್ಕೆ ಜೋರು ಬಂತು. ಹೆಚ್ಚಿನವರು ಹಾಜರಿಗೆ ಬಂದು ಮರದ ಕೆಳಗೆ ಕೂರುತ್ತಿದ್ದರು. ಮೂವರು ಮಾತ್ರ ರಕ್ತ ತೆಗೆದ ಮೇಲೂ ಬಿಡುತ್ತಿರಲಿಲ್ಲ. ಒಂದು ತೊಟ್ಟು ರಕ್ತಕ್ಕೆ ಮೆಟಾಬೈಸಲ್ಫೈಟ್ ಸೇರಿಸಿ, ಕವರ್‌ಸ್ಲಿಪ್ ಹಾಕಿ, ಗಾಳಿ ಒಳಗೆ ಹೋಗದ ಹಾಗೆ ಸುತ್ತ ನೇಲ್ ಪಾಲಿಶ್ ಬಳಿದು ಕಾಯುವುದು. ಆಮ್ಲಜನಕ ಕಡಿಮೆಯಾಗುತ್ತಾ ದುಂಡಗಿದ್ದ ಕಣಗಳು ಕಣ್ಣೆದುರೇ ಕುಡುಗೋಲಿನ ಹಾಗೆ ಬಾಗುತ್ತವೆ. ಅದನ್ನು ನೋಡಲು ನಾವು ಮೂವರೂ ಒಂದೇ ಐಪೀಸಿಗೆ ಕಿತ್ತಾಡಿದ್ದೇವೆ. ಆ ಮೂವರಲ್ಲಿ ಇಬ್ಬರು ಈಗ ಪೆಥಾಲಜಿಯಲ್ಲೇ ಇದ್ದೇವೆ.

ಕಬ್ಬಿನ ಸೀಮೆ, ನಿನಗೆ ಎಲೆಕ್ಟಿವ್ (ಇಷ್ಟದ ವಿಭಾಗ ಆರಿಸಿಕೊಳ್ಳುವ ಅವಧಿ) ಬರುತ್ತದೆ, ಪೆಥಾಲಜಿ ತಗೋ. ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ವಿದ್ಯಾರ್ಥಿ ಪ್ರಾಜೆಕ್ಟ್ ಎರಡು ತಿಂಗಳದು, ಗೈಡ್ ಆಗಿ ಪೆಥಾಲಜಿಯವರನ್ನೇ ಕೇಳು. ನಮ್ಮಲ್ಲಿ ಐದು ಜನ ಒಟ್ಟಿಗೆ ನೋಡುವ ಮೈಕ್ರೋಸ್ಕೋಪ್ ಇದೆ, ಸೈನ್‌ಔಟ್ ಹೊತ್ತಿಗೆ ಒಂದು ಕುರ್ಚಿ ಖಾಲಿ ಇದ್ದೇ ಇರುತ್ತದೆ. ಏನೇ ಆದರೂ ನಮ್ಮ ಮೈಸೂರಿನದು 1924ರ ಕಾಲೇಜು, ಸ್ಲೈಡಿಗೇನು ಕಡಿಮೆ. ಮಂಡ್ಯದಲ್ಲಿ ಅಷ್ಟು ವೆರೈಟಿ ಸಿಗಲ್ಲ.

ವಿವಿ ರಸ್ತೆ

1924ರಲ್ಲಿ ಅದು ಶುರುವಾಗಿದ್ದು ಬೆಂಗಳೂರಿನಲ್ಲಿ. ಮೈಸೂರಿಗೆ ಬಂದಿದ್ದು 1930ರಲ್ಲಿ. ಹೆಮ್ಮೆ ಪಡುವಾಗ ಸರಿಯಾಗಿ ಪಡಿ. ಇನ್ನು ವೆರೈಟಿ ಮಾತು. ನಾನು ಮಂಡ್ಯದಲ್ಲೇ ಓದಿದವನು. ತಂಬಾಕು, ಎಲೆ ಅಡಿಕೆ ಜಗಿದು ಬಾಯಿ ಕ್ಯಾನ್ಸರ್ ಆದವರು ನಮ್ಮ ಹಳ್ಳಿಗಳಿಂದ ಎಷ್ಟು ಜನ ಬರುತ್ತಾರೆ ಗೊತ್ತಾ? ನಾನು ಆ ಬಗೆಯ ಕ್ಯಾನ್ಸರ್, ಸ್ಕ್ವಾಮಸ್ ಸೆಲ್ ಕಾರ್ಸಿನೋಮ, ಕಲಿತಿದ್ದು ನಮ್ಮೂರ ಕೂಲಿಯವರ ಬಯಾಪ್ಸಿಯಲ್ಲಿ. ನಮ್ಮ ಹುಡುಗರಿಗೆ ಕೀಳರಿಮೆ ತುಂಬುವುದೇ ನಿಮ್ಮಂಥವರು. ಪೆಥಾಲಜಿ ಹಿಡಿಸಿದವರು ಮಂಡ್ಯದಲ್ಲಿ ಇಲ್ಲ ಅಂತ ಹುಡುಗಿಗೆ ಅನಿಸಿದ್ದು ಸುಮ್ನೆ ಅಲ್ಲ.

ಕೆಂಪು ನೇರಳೆ

ಕೀಳಾಗಿ ಹೇಳಲಿಲ್ಲ ಸರ್. ಕೇಸ್‌ಗಳ ಸಂಖ್ಯೆ ಜಾಸ್ತಿ ಅಂದೆ ಅಷ್ಟೇ.

ವಿವಿ ರಸ್ತೆ

"ವೆರೈಟಿ ಸಿಗಲ್ಲ" ಅಂದಿದ್ದೀರಿ. ಮೇಲೆ ಓದಿ ನೋಡಿ.

ದೂರದ ಮೈಸೂರಿಗ

ನಾನು ಅಮೆರಿಕದಲ್ಲಿ ಪೆಥಾಲಜಿ ರೆಸಿಡೆಂಟ್. ಇಲ್ಲಿ ನಾಲ್ಕು ವರ್ಷ, ಅಂಗಾಂಶದ ಕಡೆಯದು, ರಕ್ತ ಮತ್ತು ಲ್ಯಾಬಿನ ಕಡೆಯದು, ಎರಡೂ ಸೇರಿ. ಇಲ್ಲಿನ ಎಷ್ಟೋ ಕಾಲೇಜುಗಳಲ್ಲಿ ಪೆಥಾಲಜಿ ಇಷ್ಟಪಡುವ ವಿದ್ಯಾರ್ಥಿಗಳದೇ ಗುಂಪು ಇರುತ್ತದೆ, ಡಿಪಾರ್ಟ್‌ಮೆಂಟಿನವರೇ ಊಟ ಹಾಕಿಸಿ ಸ್ಲೈಡ್ ತೋರಿಸುತ್ತಾರೆ. ಮೈಸೂರಿನಲ್ಲಿ ಓದುವಾಗ ನನಗೆ ಅದೇನೂ ಇರಲಿಲ್ಲ. ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ಪೆಥಾಲಜಿಸ್ಟ್‌ಗಳು ಹಾಕುವ ಸ್ಲೈಡ್ ಫೋಟೋ ನೋಡಿ, ನನಗೆ ಅನಿಸಿದ ಉತ್ತರ ಬರೆಯುತ್ತಿದ್ದೆ. ತಪ್ಪಿದರೂ ಯಾಕೆ ತಪ್ಪು ಅಂತ ಬಿಡಿಸಿ ಹೇಳುವವರು ಸಿಕ್ಕರು. ಅದೇ ನನ್ನ ಬಳಗ. ಇಲ್ಲಿಗೆ ಬರಲು ಪರೀಕ್ಷೆ, ವೀಸಾ, ಅರ್ಜಿ ಅಂತ ಆದ ಸಾಲ ಇನ್ನೂ ತೀರಿಲ್ಲ. ಆ ಲೆಕ್ಕ ಬರೆದರೆ ಪಾಂಡವಪುರ ಗೌಡರದ್ದು ಏನೂ ಅಲ್ಲ ಅನಿಸುತ್ತದೆ.

ಪಾಂಡವಪುರ ಗೌಡ

ಅರ್ಧ ಎಕರೆ ನಾಲೆ ಜಮೀನು ಏನೂ ಅಲ್ವಾ ಸ್ವಾಮಿ? ಡಾಲರ್‌ನಲ್ಲಿ ಸಂಬಳ ತಗೊಂಡು ಹೀಗೆ ಬರೆಯಬೇಡಿ. ಅದು ನಮ್ಮ ಅಜ್ಜ ಬಿಡಿಸಿದ ಗದ್ದೆ.

ಕಬ್ಬಿನ ಸೀಮೆ (ಕೇಳಿದವರು)

ಎಲ್ಲರಿಗೂ ಥ್ಯಾಂಕ್ಸ್. ದಯವಿಟ್ಟು ಜಗಳ ಬೇಡ. ನಿನ್ನೆ ನಮ್ಮ ಹಿಸ್ಟೋಪೆಥಾಲಜಿ ಲ್ಯಾಬಿಗೆ ಹೋಗಿದ್ದೆ. ಟೆಕ್ನಿಷಿಯನ್ ಮೇಡಂ "ಏನಮ್ಮ, ರಿಪೋರ್ಟ್ ಬೇಕಿತ್ತಾ?" ಅಂದರು. ಇಲ್ಲ, ನೋಡೋಕೆ ಬಂದೆ ಅಂದೆ. ನನ್ನ ಜೂನಿಯರ್ ಹುಡುಗನೊಬ್ಬ ಆಗಲೇ ಅಲ್ಲಿ ಕೂತಿದ್ದ! ನಮ್ಮ ಹಾಸ್ಟೆಲಿನ ಎದುರಿನ ಬ್ಲಾಕಿನವನೇ. ವಿವಿ ರಸ್ತೆ ಸರ್, ನೀವು ಈಗಲೂ ಮಂಡ್ಯದಲ್ಲೇ ಇದ್ದೀರಾ? ನಾವಿಬ್ಬರೂ ಬಂದು ಕಾಣಬಹುದಾ?

ವಿವಿ ರಸ್ತೆ

ಬನ್ನಿ. ಭಾನುವಾರ ಬೆಳಿಗ್ಗೆ ಲ್ಯಾಬಿನಲ್ಲಿ ಇರುತ್ತೇನೆ. ಕಾಲು ಪೂರ್ತಿ ಮುಚ್ಚುವ ಚಪ್ಪಲಿ ಹಾಕಿಕೊಂಡು ಬನ್ನಿ. ವಿಳಾಸ ಬೇರೆಯಾಗಿ ಕಳಿಸುತ್ತೇನೆ.

ಮದ್ದೂರು ಲ್ಯಾಬ್

ನನ್ನ ಹತ್ತಿರವೂ ಒಳ್ಳೆ ಸ್ಮಿಯರ್‌ಗಳಿವೆ, ಮಲೇರಿಯಾ ಕೂಡ. ಹುಡುಗರಿಗೆ ಬೇಕಾದರೆ ಕೊಡುತ್ತೇನೆ. ಅಕ್ಕ, ಕೋಪ ಬಿಟ್ಟು ಒಂದು ಹೇಳಿ. ಈಚೆಗೆ ಸ್ಮಿಯರಿಗೆ ಹಾಕುವ ಬಣ್ಣ, ಲೀಷ್ಮನ್ ಸ್ಟೇನ್, ಪೂರ್ತಿ ನೀಲಿ ಹೊಡೆಯುತ್ತಿದೆ, ಕೆಂಪು ಕಣವೂ ನೀಲಿ. ಬೋರ್‌ವೆಲ್ ನೀರಲ್ಲಿ ತೊಳೆಯುತ್ತೇನೆ.

ಸರಸ್ವತಿಪುರಂ ಅಕ್ಕ

ನೀರು ಕ್ಷಾರ ಇದ್ದರೆ ಹಾಗಾಗುತ್ತದೆ. ಬೋರ್‌ವೆಲ್ ನೀರು ಮುಟ್ಟಿಸಬೇಡಿ. ಪಿಎಚ್ 6.8ರ ಬಫರ್ ಮಾತ್ರೆ ಸಿಗುತ್ತದೆ, ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿ, ಸ್ಟೇನಿಗೂ ಅದೇ, ತೊಳೆಯಲಿಕ್ಕೂ ಅದೇ. ಸಹಿ ವಿಷಯದಲ್ಲಿ ನಾನು ಹೇಳಿದ್ದು ಹೇಳಿದ್ದೇ.